ಜಿಪ್ಸಿಯ ನಿಜವಾದ ತೂಕ

ನೂರು ಜನರ ಊಟಕ್ಕೆ ಹೇಳಿದರೆ ನೂರಿಪ್ಪತ್ತೈದು ಜನಕ್ಕೆ ಬೇಯಿಸುವುದು ರಮಾನಾಥ ಹೊಳ್ಳರ ಪದ್ಧತಿ. ದಿಲ್ಲಿಯ ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿ ಮೂವತ್ತೊಂದು ವರ್ಷದಿಂದ ಅವರು ನಡೆಸುತ್ತಿರುವ ವಾರಾಹಿ ಭವನದಲ್ಲಿ ಅಡುಗೆಯವರು ಬದಲಾಗಿದ್ದಾರೆ, ಮೇಜು ಕುರ್ಚಿ ಬದಲಾಗಿವೆ, ಸಾಂಬಾರು ಕೂಡ ದಿಲ್ಲಿಯ ನಾಲಿಗೆಗೆ ಹೊಂದಿಕೊಳ್ಳಲು ಹೋಗಿ ಸ್ವಲ್ಪ ದಾರಿ ತಪ್ಪಿದೆ. ಈ ಲೆಕ್ಕ ಮಾತ್ರ ಬದಲಾಗಿಲ್ಲ. ಕಾಲು ಭಾಗ ಹೆಚ್ಚಿಗೆ ಇರಲಿ, ಉಳಿದರೆ ತಿನ್ನುವವರು ಸಿಗುತ್ತಾರೆ, ಕಡಿಮೆ ಬಿದ್ದರೆ ಹೋದ ಮಾನ ತಿರುಗಿ ಸಿಗುವುದಿಲ್ಲ ಎನ್ನುವುದು ಅವರ ಶಾಸ್ತ್ರ. ಅದನ್ನು ಅನ್ನಕ್ಕೆ ಮಾತ್ರ ಇಟ್ಟುಕೊಂಡಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮಗಳ ಹಳೇ ಜಿಪ್ಸಿ ಜೀಪಿಗೆ ವಿಂಚ್ ಕೊಳ್ಳುವಾಗಲೂ ಹೊಳ್ಳರು ಅದನ್ನೇ ಹಿಡಿದು ಕೂತರು.

ವಿಂಚ್ ಎಂದರೆ ಪವಾಡದ ಯಂತ್ರವೇನಲ್ಲ. ಗಾಡಿಯ ಮೂತಿಗೆ ಕೂರಿಸುವ ಒಂದು ಉಕ್ಕಿನ ಉರುಳೆ, ಅದಕ್ಕೆ ಸುತ್ತಿದ ಗಟ್ಟಿ ಹಗ್ಗ, ಅದನ್ನು ತಿರುಗಿಸಲು ಬ್ಯಾಟರಿಯಿಂದ ಓಡುವ ಒಂದು ಮೋಟಾರು. ಕೆಸರಿನಲ್ಲಿ ಚಕ್ರ ಹೂತಾಗ ಹಗ್ಗದ ತುದಿಯನ್ನು ಎದುರಿನ ಗಟ್ಟಿ ವಸ್ತುವೊಂದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಹೊರಗೆ ಬರುತ್ತದೆ. ಬಾವಿಯ ರಾಟೆಯನ್ನು ಅಡ್ಡ ಮಲಗಿಸಿದ ಹಾಗೆ ಎಂದು ಹೊಳ್ಳರು ಹೆಂಡತಿ ಜಲಜಾಕ್ಷಿಗೆ ವಿವರಿಸಿದ್ದರು. ಅದು ಎಷ್ಟು ಭಾರ ಎಳೆಯಬಲ್ಲದು ಎಂಬುದನ್ನು ಪೌಂಡಿನಲ್ಲಿ ಹೇಳುತ್ತಾರೆ. ಮಗಳು ಸುಪ್ರೀತಾ ಆರು ಸಾವಿರ ಪೌಂಡಿನದು ಸಾಕು ಎಂದಳು. ಅಪ್ಪ ಹನ್ನೆರಡು ಸಾವಿರದ್ದೇ ಆಗಬೇಕು ಎಂದು ಪಟ್ಟು ಹಿಡಿದರು. ಹದಿನೈದು ದಿನ ಮನೆಯಲ್ಲಿ ಇದೇ ಮಾತು. ಜಲಜಾಕ್ಷಿ ಮಾತ್ರ, ಒಂಬತ್ತು ಸಾವಿರಕ್ಕೆ ರಾಜಿ ಮಾಡಿಕೊಳ್ಳಿ ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡರು.

ಸುಪ್ರೀತಾಳಿಗೆ ಮೂವತ್ತಮೂರು. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನೆ. ಅವಳು ಸಂಶೋಧಿಸುವುದು ಯಮುನೆಯ ಖಾದರನ್ನು. ಹೊಳೆ ತುಂಬಿದಾಗ ಮುಳುಗಿ, ಇಳಿದಾಗ ಮತ್ತೆ ಏಳುವ ದಡದ ನೆಲಕ್ಕೆ ದಿಲ್ಲಿಯವರು ಖಾದರ್ ಎನ್ನುತ್ತಾರೆ. ಅಲ್ಲಿ ಅವಳು ನಲವತ್ತು ಜಾಗ ಗುರುತು ಹಾಕಿಕೊಂಡಿದ್ದಾಳೆ. ನೆರೆ ಇಳಿದ ಮೇಲೆ ಪ್ರತಿ ಚಳಿಗಾಲವೂ ಅದೇ ನಲವತ್ತು ಜಾಗಗಳಲ್ಲಿ ಯಾವ ಹುಲ್ಲು ಮೊದಲು ಹುಟ್ಟಿತು, ಯಾವುದು ಮರಳಲೇ ಇಲ್ಲ ಎಂದು ಬರೆದುಕೊಳ್ಳಬೇಕು. ಮೂರು ಚಳಿಗಾಲ ಆಗಿದೆ, ಇದು ನಾಲ್ಕನೆಯದು. ಒಂದು ವರ್ಷ ತಪ್ಪಿದರೂ ಸರಪಳಿ ಕಡಿದ ಹಾಗೆ. ಹುಲ್ಲು ನೋಡಲು ಪಿಎಚ್‌.ಡಿ ಯಾಕೆ, ದನ ಸಾಕಿದ್ದರೆ ಸಾಕಿತ್ತು ಎಂದು ಹೊಳ್ಳರು ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಹೋದ ಜುಲೈಯಿಂದ ಆ ತಮಾಷೆ ನಿಂತಿದೆ.

ಜುಲೈಯಲ್ಲಿ ಒಂದು ಮಧ್ಯಾಹ್ನ, ನೆರೆಗೆ ಮೊದಲು ಗುರುತುಗಳನ್ನು ನೋಡಿ ಬರಲು ಹೋದಾಗ, ಅವಳ ಜಿಪ್ಸಿ ನೋಯ್ಡಾ ಬದಿಯ ಖಾದರಿನಲ್ಲಿ ಹೂತುಕೊಂಡಿತು. ಜೊತೆಗೆ ಇಬ್ಬರು ವಿದ್ಯಾರ್ಥಿಗಳಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಹೊಳೆ ಏರುತ್ತಿತ್ತು. ಅಲ್ಲೇ ಸೌತೆ ಬೆಳೆಯುವ ರೈತನೊಬ್ಬ ಟ್ರ್ಯಾಕ್ಟರ್ ತಂದು ಎಳೆಯುವ ಹೊತ್ತಿಗೆ ನೀರು ಬಾಗಿಲ ಅಂಚಿಗೆ ಬಂದಿತ್ತಂತೆ. ಇಷ್ಟು ಮಾತ್ರ ಮಗಳು ಮನೆಯಲ್ಲಿ ಹೇಳಿದಳು. ಹೊಳ್ಳರು ಆವತ್ತು ಊಟ ಮಾಡಲಿಲ್ಲ, ಮಾರನೆಯ ದಿನವೂ ಮಾಡಲಿಲ್ಲ.

ಅವಳ ಪ್ರೊಫೆಸರೂ ಹೆದರಿದ್ದರು. ಸಿಕ್ಕಿಬಿದ್ದರೆ ತಾನೇ ಹೊರಬರುವ ವ್ಯವಸ್ಥೆ ಗಾಡಿಗೆ ಆಗುವವರೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ ಎಂದು ಬರೆದುಕೊಟ್ಟರು. ನವೆಂಬರ್ ಮುಗಿಯುವುದರೊಳಗೆ ಎಣಿಕೆ ಶುರುವಾಗದಿದ್ದರೆ ಈ ವರ್ಷದ ಲೆಕ್ಕ ಹೋಯಿತು. ವಿಂಚ್ ನಾನು ಕೊಡಿಸುತ್ತೇನೆ, ಆದರೆ ಎಷ್ಟರದು ಎಂದು ನಾನೇ ಹೇಳುತ್ತೇನೆ ಎಂದು ಹೊಳ್ಳರು ಷರತ್ತು ಹಾಕಿದ್ದು ಆಗ. ಅವರ ಮನಸ್ಸಿನ ಒಂದು ಮೂಲೆಯಲ್ಲಿ ಇನ್ನೊಂದು ಆಸೆಯೂ ಇತ್ತು, ಮುಚ್ಚಿಡುವುದೇಕೆ? ಅಷ್ಟು ದೊಡ್ಡ ವಿಂಚ್ ಆ ಗಾಡಿಗೆ ಕೂರದೇ ಹೋಗಲಿ, ನವೆಂಬರ್ ಕಳೆದುಹೋಗಲಿ, ಮಗಳು ಈ ಖಾದರಿನ ಸಹವಾಸ ಬಿಟ್ಟು ಕೋಣೆಯೊಳಗೆ ಕೂತು ಮಾಡುವ ಸಂಶೋಧನೆ ಯಾವುದಾದರೂ ಹಿಡಿಯಲಿ ಎಂಬ ಆಸೆ. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ನವೆಂಬರಿನ ಎರಡನೆಯ ಶನಿವಾರ ಅಪ್ಪ ಮಗಳು ಕಾಶ್ಮೀರಿ ಗೇಟಿನ ಮೋಟಾರ್ ಮಾರ್ಕೆಟ್ಟಿಗೆ ಹೋದರು. ಅಲ್ಲಿ ರಾಹುಲ್ ಎಂಬವನದು ಕಾಡುಮೇಡು ಸುತ್ತುವ ಗಾಡಿಗಳ ಸಾಮಾನಿನ ಅಂಗಡಿ. ನಲವತ್ತರ ಆಸುಪಾಸಿನವನು, ವಾರವಿಡೀ ಸಾಮಾನು ಮಾರಿ ಭಾನುವಾರ ತಾನೇ ಅರಾವಳಿಯ ಕಲ್ಲುದಾರಿಯಲ್ಲಿ ಗಾಡಿ ಹೊರಳಿಸುವವನು. ಹೊಳ್ಳರು ಕುರ್ಚಿಯಲ್ಲಿ ಕೂರುವ ಮೊದಲೇ ಹನ್ನೆರಡು ಸಾವಿರದ್ದು ತೋರಿಸಿ ಎಂದರು. ಅವನು ಅದನ್ನು ತೋರಿಸುವ ಬದಲು, ಗಾಡಿ ಯಾವುದು, ತೂಕ ಎಷ್ಟು ಎಂದು ಕೇಳಿದ.

ಸುಪ್ರೀತಾ ಕಾಗದದಲ್ಲಿ ಇದ್ದದ್ದನ್ನು ಹೇಳಿದಳು: ಸಾವಿರದ ಇಪ್ಪತ್ತು ಕಿಲೋ. ರಾಹುಲ್ ತಲೆ ಅಲ್ಲಾಡಿಸಿದ. ಕಾಗದದ ತೂಕ ಷೋರೂಮಿನಲ್ಲಿ ನಿಂತ ಗಾಡಿಯದು, ಕೆಸರಿನಲ್ಲಿ ಹೂತುಕೊಳ್ಳುವ ಗಾಡಿಯದಲ್ಲ. ನೀವು ಹೊರಡುವಾಗ ಏನೇನು ತುಂಬಿಕೊಂಡು ಹೋಗುತ್ತೀರೋ ಅದೆಲ್ಲ ಸೇರಿ, ಜನ ಸೇರಿ, ಎಷ್ಟಾಗುತ್ತದೋ ಅದು ನಿಜವಾದ ತೂಕ. ಅದರ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು, ಯಾಕೆಂದರೆ ಕೆಸರು ಸುಮ್ಮನೆ ಬಿಡುವುದಿಲ್ಲ, ತಾನೂ ಹಿಡಿದು ಎಳೆಯುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಬಲವೂ ಹಗ್ಗ ಪೂರ್ತಿ ಬಿಚ್ಚಿದಾಗ ಮಾತ್ರ ಸಿಗುವುದು, ಉರುಳೆಗೆ ಸುತ್ತು ಸುತ್ತು ಏರಿದ ಹಾಗೆ ಬಲ ಇಳಿಯುತ್ತದೆ. ಆದ್ದರಿಂದ ಸ್ವಲ್ಪ ಹೆಚ್ಚಿನ ಬಲ ಕೈಯಲ್ಲಿ ಇಟ್ಟುಕೊಂಡೇ ಕೊಳ್ಳಬೇಕು.

ಹೊಳ್ಳರಿಗೆ ಇದು ತಕ್ಷಣ ತಲೆಗೆ ಹೋಯಿತು. ಒಣ ಉದ್ದು ಅಳೆದು ಗ್ರೈಂಡರ್ ಕೊಂಡರೆ ನೆನೆದ ಉದ್ದಿಗೆ ಮೋಟಾರು ಸುಡುತ್ತದೆ. ಹೋಟೆಲು ತೆರೆದ ಮೊದಲ ವರ್ಷವೇ ಅವರು ಒಂದು ಗ್ರೈಂಡರನ್ನು ಹಾಗೆ ಸುಟ್ಟಿದ್ದರು. ಅದಕ್ಕೇ ನಾನು ದೊಡ್ಡದು ಕೇಳುತ್ತಿರುವುದು ಎಂದು ಗೆದ್ದವರಂತೆ ಹೇಳಿದರು.

ರಾಹುಲ್ ಒಳಗಿನಿಂದ ಹನ್ನೆರಡು ಸಾವಿರದ ವಿಂಚನ್ನು ಎರಡೂ ಕೈಯಲ್ಲಿ ಹೊತ್ತು ತಂದು, ಎತ್ತಿ ನೋಡಿ ಎಂದು ಅವರ ಮುಂದೆ ಇಟ್ಟ. ಅಕ್ಕಿ ಮೂಟೆ ಎತ್ತಿ ಪಳಗಿದ ಹೊಳ್ಳರ ಸೊಂಟ ಕೂಡ ಒಮ್ಮೆ ಯೋಚಿಸಿತು. ನಲವತ್ತು ಕಿಲೋ. ಅದನ್ನು ಹೊರುವ ಉಕ್ಕಿನ ಬಂಪರ್ ಇನ್ನೊಂದು ನಲವತ್ತೈದು. ಅದು ಎಳೆಯುವಾಗ ಕುಡಿಯುವ ಕರೆಂಟಿಗೆ ನಿಮ್ಮ ಗಾಡಿಯ ಬ್ಯಾಟರಿ ಒಂದೇ ನಿಮಿಷದಲ್ಲಿ ಕೈ ಎತ್ತುತ್ತದೆ ಎಂದ ರಾಹುಲ್.

“ಅಂಕಲ್‌ಜೀ, ಇಷ್ಟು ಬಲ ಈ ಹಳೇ ಚಾಸಿ ಚೌಕಟ್ಟಿಗೆ ಹಾಕಿದ್ರೆ ಬಂಪರ್ ಈಚೆ ಬರುತ್ತೆ, ಗಾಡಿ ಅಲ್ಲೇ ಇರುತ್ತೆ,” ಎಂದು ಅವನು ಹಿಂದಿಯಲ್ಲಿ ಹೇಳಿದ್ದನ್ನು ಸುಪ್ರೀತಾ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದಳು, ಅಪ್ಪನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿದ್ದರೂ.

ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಹೊಳ್ಳರಿಗೂ ನೆನಪಾಯಿತು, ಬಾಯಿಗೆ ಬರಲು ಬಿಡಲಿಲ್ಲ. ರಾಹುಲ್ ಕೊನೆಗೆ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ. ಗಾಜೀಪುರದ ಕಡೆ ಒಂದು ಧರ್ಮಕಾಂಟಾ ಇದೆ. ಲಾರಿಗಳನ್ನು ಸರಕಿನ ಸಮೇತ ತೂಗುವ ನೆಲದ ತಕ್ಕಡಿಗೆ ದಿಲ್ಲಿಯಲ್ಲಿ ಆ ಹೆಸರು. ನಾಳೆ ಖಾದರಿಗೆ ಹೊರಟಂತೆಯೇ ಎಲ್ಲ ತುಂಬಿಕೊಂಡು ಹೋಗಿ ತೂಗಿಸಿ, ತೂಕದ ಚೀಟಿ ತನ್ನಿ, ಚೀಟಿ ಏನು ಹೇಳುತ್ತದೋ ಆ ವಿಂಚ್ ಕೊಡುತ್ತೇನೆ ಎಂದ. ತಕ್ಕಡಿ ಹೇಳಿದ್ದನ್ನು ಒಪ್ಪುತ್ತೀರಾ ಎಂದು ಮಗಳು ಕೇಳಿದಳು. ಹೊಳ್ಳರು ಒಪ್ಪಿದರು. ತಕ್ಕಡಿ ತಮ್ಮ ಪಕ್ಷ ಎಂದು ಅವರಿಗೆ ನಂಬಿಕೆಯಿತ್ತು, ಯಾಕೆಂದರೆ ಗಾಡಿಯಲ್ಲಿ ಏನೇನಿದೆ ಎಂಬುದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಬೇರೆ ಯಾರು?

ಗಾಡಿ ಮಗಳದಾದರೂ ಅದರ ಹಿಂಭಾಗ ಹೊಳ್ಳರ ಸಾಮ್ರಾಜ್ಯವಾಗಿತ್ತು. ಮೊದಲ ಚಳಿಗಾಲ ಅವಳು, ಅಲ್ಲೆಲ್ಲೂ ಕುಡಿಯುವ ನೀರು ಸಿಗುವುದಿಲ್ಲ ಎಂದಿದ್ದಕ್ಕೆ ಇಪ್ಪತ್ತು ಲೀಟರಿನ ಎರಡು ಕ್ಯಾನ್ ಇಟ್ಟರು. ಆಮೇಲೆ ಅದು ನಾಲ್ಕಾಯಿತು. ಹಸಿದರೆ ಇರಲಿ ಎಂದು ಊರಿನಿಂದ ತರಿಸಿದ ಇಪ್ಪತ್ತೈದು ಕಿಲೋ ಕುಚ್ಚಲಕ್ಕಿ, ಅದನ್ನು ಬೇಯಿಸಲು ಸಣ್ಣ ಸಿಲಿಂಡರು, ಒಲೆ, ಪಾತ್ರೆ ತುಂಬಿದ ತಗಡಿನ ಟ್ರಂಕು. ಪೆಟ್ರೋಲಿನ ಎರಡು ಡಬ್ಬ. ಒಂದು ಸ್ಟೆಪ್ನಿ ಇದ್ದರೂ ಇನ್ನೊಂದು ಸ್ಟೆಪ್ನಿ, ಲಾರಿಗೆ ಹಾಕುವ ಜಾಕು, ನಾಲ್ಕು ಕಂಬಳಿ. ಇಷ್ಟೆಲ್ಲದರ ಮೇಲೆ ಎರಕ ಹೊಯ್ದ ಬೀಡುಕಬ್ಬಿಣದ ಒಂದು ಕಾವಲಿ. ಹೋಟೆಲು ಶುರುವಾದಾಗ ಅದರಲ್ಲೇ ಮೊದಲ ದೋಸೆ ಎರೆದದ್ದು. ಹೊಲದ ನಡುವೆ ದೋಸೆ ಹುಯ್ಯುವವರು ಯಾರು ಎಂದು ಜಲಜಾಕ್ಷಿ ಕೇಳಿದ್ದಕ್ಕೆ, ಹುಯ್ಯದಿದ್ದರೂ ಇರಲಿ ಎಂದಿದ್ದರು.

ಭಾನುವಾರ ಬೆಳಿಗ್ಗೆ ಮೂವರೂ ಧರ್ಮಕಾಂಟಾಕ್ಕೆ ಹೋದರು. ವಿದ್ಯಾರ್ಥಿಗಳಿಬ್ಬರ ತೂಕಕ್ಕೆ ಬದಲಿಯಾಗಿ ಹೊಳ್ಳರೂ ಜಲಜಾಕ್ಷಿಯೂ ಹಿಂದೆ ಕೂರಬೇಕೆಂದು ತೀರ್ಮಾನವಾಗಿತ್ತು. ಕಟ್ಟಿಕೊಂಡ ಗಂಡ ತೂಕ ಮಾಡಿಸಲು ಕರೆದೊಯ್ಯುತ್ತಿದ್ದಾನೆ ಎಂದು ಜಲಜಾಕ್ಷಿ ದಾರಿಯುದ್ದಕ್ಕೂ ನಗುತ್ತಿದ್ದರು. ಮುಂದೆ ಇಟ್ಟಿಗೆ ಲಾರಿ, ಹಿಂದೆ ಕಬ್ಬಿಣದ ಲಾರಿ, ನಡುವೆ ಹಸಿರು ಬಣ್ಣದ ಈ ಜಿಪ್ಸಿ ದೊಡ್ಡವರ ಪಂಕ್ತಿಗೆ ಬಂದ ಮಗುವಿನಂತೆ ನಿಂತಿತು. ಕಿಟಕಿಯೊಳಗೆ ಕೂತಿದ್ದವನು ಇದರಲ್ಲಿ ತೂಗಲು ಏನಿದೆ ಎಂಬಂತೆ ನೋಡಿ, ಚೀಟಿ ಹರಿದುಕೊಟ್ಟ. ಸಾವಿರದ ಆರುನೂರ ನಲವತ್ತು ಕಿಲೋ.

ಹೊಳ್ಳರು ಅಲ್ಲೇ ಗುಣಿಸಿದರು. ಒಂದೂವರೆ ಪಟ್ಟು ಮಾಡಿ ಪೌಂಡಿಗೆ ತಿರುಗಿಸಿದರೆ ಐದು ಸಾವಿರದ ನಾನೂರು ದಾಟಿತು. ಆರು ಸಾವಿರದ ವಿಂಚಿನಲ್ಲಿ ಹೆಚ್ಚಿನ ಬಲವೆಂದು ಕೈಯಲ್ಲಿ ಏನೂ ಉಳಿದಂತಾಗಲಿಲ್ಲ. ಹನ್ನೆರಡಲ್ಲದಿದ್ದರೆ ಒಂಬತ್ತೂವರೆಯಾದರೂ ಬೇಕೇ ಬೇಕು ಎಂದು ಅವರ ಮುಖ ಅರಳಿತು. ಸುಪ್ರೀತಾ ಗಾಡಿಯನ್ನು ಪಕ್ಕದ ಖಾಲಿ ಜಾಗಕ್ಕೆ ತಂದು ನಿಲ್ಲಿಸಿ, ನಿಮ್ಮ ಸಾಮಾನು ಇಳಿಸಿ ಇನ್ನೊಂದು ಸಲ ತೂಗೋಣ ಎಂದಳು. ಸೋತವಳ ಹಠ ಎಂದುಕೊಂಡು ಹೊಳ್ಳರು ಉದಾರವಾಗಿ ಒಪ್ಪಿದರು. ತಾವೇ ಹಿಂದಿನ ಬಾಗಿಲು ತೆಗೆದು ಇಳಿಸತೊಡಗಿದರು. ಕಂಬಳಿ, ಕ್ಯಾನು, ಜಾಕು. ಕಂಬಳಿಯ ಅಡಿಯಲ್ಲಿ ಗೋಣಿಯಲ್ಲಿ ಸುತ್ತಿದ್ದ ಕಾವಲಿಯನ್ನು ಎತ್ತಿಕೊಂಡಾಗ ಅವರ ಕೈ ನಿಂತಿತು.

ಗೋಣಿ ಬಿಚ್ಚಿ ಅಂಗೈಯನ್ನು ಕಾವಲಿಯ ಮೇಲೆ ಸವರಿದರು. ತರಿತರಿಯಾಗಿತ್ತು. ಮೂವತ್ತು ವರ್ಷ ಎಣ್ಣೆ ಕುಡಿದು, ದೋಸೆ ಎದ್ದು ಎದ್ದು, ಕನ್ನಡಿಯ ಹಾಗೆ ನುಣುಪಾದ ಕಾವಲಿ ಅದಾಗಿರಲಿಲ್ಲ. ಇದು ಬೂದು ಬಣ್ಣದ ಹಸಿ ಬೀಡು. ಒಂದೇ ಒಂದು ದೋಸೆ ಕಾಣದ್ದು. ಬೇರೆ ಯಾರಾದರೂ ಆಗಿದ್ದರೆ ಕಾವಲಿ ಎಂದರೆ ಕಾವಲಿ. ಹೊಳ್ಳರಿಗೆ ಮಾತ್ರ ಗುರುತು ತಪ್ಪಲು ಸಾಧ್ಯವಿರಲಿಲ್ಲ. ಅಕ್ಕಿಯ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದರು. ಕುಚ್ಚಲಕ್ಕಿಯೇ, ಆದರೆ ಊರಿನ ದಪ್ಪ ಕೆಂಪು ಅಕ್ಕಿಯಲ್ಲ, ಮಯೂರ್ ವಿಹಾರದ ಮಲಯಾಳಿ ಅಂಗಡಿಯದು. ಕಂಬಳಿ ಹೊದೆಸಿಟ್ಟಿದ್ದ ಟ್ರಂಕಿನ ಮೇಲೆ ತಾವೇ ಬಣ್ಣದಲ್ಲಿ ಬರೆದಿದ್ದ ಹೋಟೆಲಿನ ಹೆಸರಿರಲಿಲ್ಲ.

ಅವರು ಮಗಳ ಮುಖ ನೋಡಿದರು. ಮಗಳು ಅಮ್ಮನ ಮುಖ ನೋಡಿದಳು. ಜಲಜಾಕ್ಷಿ ಲಾರಿಗಳ ಕಡೆ ತಿರುಗಿಕೊಂಡರು. ಅಲ್ಲಿಗೆ ಹೆಂಡತಿಗೂ ಗೊತ್ತಿದೆ ಎಂದು ಹೊಳ್ಳರಿಗೆ ಅರ್ಥವಾಯಿತು.

“ನಮ್ಮ ಕಾವಲಿ ಎಲ್ಲಿ ಸುಪ್ರೀ?” ಎಂದರು.

ಸುಪ್ರೀತಾ ಜುಲೈಯಲ್ಲಿ ಅರ್ಧ ಹೇಳಿ ನಿಲ್ಲಿಸಿದ್ದ ಕತೆಯ ಉಳಿದರ್ಧವನ್ನು ಅಲ್ಲಿ, ಲಾರಿಗಳ ಧೂಳಿನಲ್ಲಿ ನಿಂತು ಹೇಳಿದಳು. ಅವತ್ತು ವಿದ್ಯಾರ್ಥಿಗಳು ಇಳಿದು ತಳ್ಳಿದ್ದರು, ಗಾಡಿ ಅಲ್ಲಾಡಲಿಲ್ಲ. ಹಿಂದಿನ ಚಕ್ರಗಳು ಅರ್ಧಕ್ಕೆ ಹೂತಿದ್ದವು, ಮೂತಿ ಮೇಲೆದ್ದಿತ್ತು. ಟ್ರ್ಯಾಕ್ಟರಿನವನು ಬಂದವನು ಹಗ್ಗ ಕಟ್ಟಿ ಒಮ್ಮೆ ಎಳೆದು ನೋಡಿ ಕೈ ಚೆಲ್ಲಿದ. ಹಿಂದೆ ಏನು ಕಲ್ಲು ತುಂಬಿದ್ದೀರಾ ಎಂದು ಕೇಳಿದ. ಗಾಡಿ ಖಾಲಿ ಮಾಡದಿದ್ದರೆ ಹಗ್ಗ ಹರಿಯುತ್ತದೆ, ಇರುವುದು ಇದೊಂದೇ ಹಗ್ಗ ಎಂದ. ಮೊಣಕಾಲ ನೀರಿನಲ್ಲಿ ನಿಂತು ಮುಕ್ಕಾಲು ಗಂಟೆ ಮೂವರೂ ಎಸೆದರು. ನೀರಿನ ಕ್ಯಾನು, ಅಕ್ಕಿ, ಸಿಲಿಂಡರು, ಟ್ರಂಕು ಎಲ್ಲ ಹೊಳೆಗೆ ಹೋಯಿತು. ಒಬ್ಬಳು ಹುಡುಗಿ ಅಳುತ್ತಲೇ ಎಸೆಯುತ್ತಿದ್ದಳು.

“ಕಾವಲಿ ಮಾತ್ರ ಎಸೆಯೋಕೆ ಮನಸ್ಸು ಬರ್ಲಿಲ್ಲ ಅಪ್ಪಯ್ಯ. ಕೊನೇಗೆ ಚಕ್ರಕ್ಕೆ ಹಿಡಿತ ಬೇಕಾಯ್ತು. ಅಡಿಗೆ ಕೊಟ್ಟೆ. ಗಾಡಿ ಅದರ ಮೇಲೆ ಹತ್ತಿ ಬಂತು, ಕಾವಲಿ ಕೆಸರೊಳಗೆ ಹೋಯ್ತು.”

ಆಮೇಲೆ ತಾಯಿ ಮಗಳು ಸೇರಿ ಒಂದೊಂದಾಗಿ ಎಲ್ಲವನ್ನೂ ಮತ್ತೆ ಕೊಂಡು ತಂದು, ಇದ್ದ ಜಾಗದಲ್ಲೇ ಇಟ್ಟಿದ್ದರು. ಹೊಳ್ಳರಿಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ತಿಂಗಳಿಂದ ತಮ್ಮನ್ನು ಕಣ್ಣು ಕಟ್ಟಿ ಕೂರಿಸಿದ್ದಾರೆ ಎಂಬ ಸಿಟ್ಟು. ಯಾಕೆ ಹೇಳಲಿಲ್ಲ ಎಂದು ದನಿ ಏರಿಸಿ ಕೇಳಿದರು. ಲಾರಿಯ ಡ್ರೈವರುಗಳು ತಿರುಗಿ ನೋಡಿದರು.

“ಹೇಳಿದ್ರೆ ನೀವು ಇಡೋದು ನಿಲ್ಲಿಸ್ತಿರ್ಲಿಲ್ಲ. ಹೆದರಿಕೆ ಜಾಸ್ತಿ ಆಗಿ ಇನ್ನೂ ಎರಡು ಚೀಲ ಇಡ್ತಿದ್ರಿ. ಇಡಬೇಡಿ ಅಂತ ನಾನು ಹೇಗೆ ಹೇಳ್ಲಿ? ನೀವು ಇಡೋವಾಗ ನಿಮ್ಮ ಮುಖ ನೋಡ್ಕೊಂಡಿದೀರಾ?” ಎಂದಳು ಮಗಳು.

ಅದು ಸುಳ್ಳಲ್ಲ ಎಂದು ಹೊಳ್ಳರಿಗೆ ಗೊತ್ತಿತ್ತು. ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಅದರ ಜಾಗದಲ್ಲಿ ನಾಚಿಕೆ ಬಂತು, ಅದು ಇಳಿಯಲಿಲ್ಲ. ಮಗಳು ಮುಳುಗಬಾರದೆಂದು ಇಟ್ಟದ್ದೇ ಮಗಳನ್ನು ಮುಳುಗಿಸಲು ಹೊರಟಿತ್ತು. ಹೊಳೆ, ಕೆಸರು, ಆ ಹುಲ್ಲು, ಪ್ರೊಫೆಸರು ಎಂದು ನಾಲ್ಕು ತಿಂಗಳು ಎಲ್ಲರನ್ನೂ ಶಪಿಸಿದ್ದರು. ತಮ್ಮ ಹೆಸರು ಆ ಪಟ್ಟಿಯಲ್ಲಿ ಇರಬೇಕಿತ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವರು ಉಳಿದ ಸಾಮಾನನ್ನು ಒಂದೊಂದಾಗಿ ಇಳಿಸಿದರು. ಜಲಜಾಕ್ಷಿ ಕೈ ಹಚ್ಚಲು ಬಂದಾಗ ಬೇಡ ಎಂದು ಸನ್ನೆ ಮಾಡಿದರು. ಎಷ್ಟಿತ್ತು ಎಂದು ತಮ್ಮ ಕೈಗೇ ತಿಳಿಯಲಿ ಎಂದುಕೊಂಡರೋ ಏನೋ.

ಸಾಮಾನು ಇಳಿಸಿ, ಅದೇ ಮೂವರು ಕೂತು ಎರಡನೆಯ ಸಲ ತೂಗಿದಾಗ ಸಾವಿರದ ಮುನ್ನೂರೈವತ್ತು ಬಂತು. ಅದರ ಒಂದೂವರೆ ಪಟ್ಟು ನಾಲ್ಕೂವರೆ ಸಾವಿರ ಪೌಂಡೂ ಆಗಲಿಲ್ಲ, ಆರು ಸಾವಿರದ್ದು ಧಾರಾಳವಾಗಿತ್ತು. ಇನ್ನೂರ ತೊಂಬತ್ತು ಕಿಲೋ ತಮ್ಮದು.

ಆ ರಾತ್ರಿ ಹೊಳ್ಳರು ನಿದ್ದೆಗೆಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ, ದಣಿದು ಚೆನ್ನಾಗಿಯೇ ಮಲಗಿದರು. ಯೋಚನೆ ಬಂದದ್ದು ಮಾರನೆಯ ಬೆಳಿಗ್ಗೆ, ಹೋಟೆಲಿನ ಅಡುಗೆಮನೆಯಲ್ಲಿ. ಒಂದು ಕಂಪನಿಯ ಅರವತ್ತು ಊಟದ ಆರ್ಡರು ಇತ್ತು, ಅಭ್ಯಾಸದಂತೆ ಎಪ್ಪತ್ತೈದರ ಅಕ್ಕಿ ಅಳೆಯುತ್ತಿದ್ದರು. ಹೋಟೆಲು ತೆರೆದ ಹೊಸದರಲ್ಲಿ ಕರೋಲ್ ಬಾಗಿನ ಒಂದು ಉಪನಯನದಲ್ಲಿ ಕೊನೆಯ ಪಂಕ್ತಿಗೆ ಅನ್ನ ಸಾಲದೆ ಹೋಗಿ, ಮುದುಕರೊಬ್ಬರು ಎಲೆಯ ಮುಂದಿನಿಂದ ಸುಮ್ಮನೆ ಎದ್ದುಹೋಗಿದ್ದರು. ಬೈದಿದ್ದರೂ ಮರೆಯಬಹುದಿತ್ತು. ಆವತ್ತಿನಿಂದ ಈ ಕಾಲು ಭಾಗ. ಆದರೆ ಮಿಕ್ಕ ಅನ್ನಕ್ಕೆ ಮಾರ್ಕೆಟ್ಟಿನ ಹಿಂದೆ ಬಾಯಿಗಳಿವೆ, ಒಂದು ಅಗುಳೂ ಉಳಿಯುವುದಿಲ್ಲ. ಗಾಡಿಯಲ್ಲಿ ಮಿಕ್ಕದ್ದನ್ನು ಉಣ್ಣುವವರಿಲ್ಲ, ಅದು ಅಲ್ಲೇ ಕೂತಿರುತ್ತದೆ, ಹೊರುವವರು ಹೊರಬೇಕು. ಹೆದರಿಕೆಯದೂ ಹಾಗೆಯೇ ಅಲ್ಲವೇ, ಹೆದರುವವನು ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿರುತ್ತಾನೆ. ಹೊಳ್ಳರು ಅಕ್ಕಿಯನ್ನು ಎಪ್ಪತ್ತೈದಕ್ಕೇ ಅಳೆದರು. ಅದರಲ್ಲಿ ತಪ್ಪಿರಲಿಲ್ಲ. ಆಮೇಲೆ ಕೈ ಒರೆಸಿಕೊಂಡು ರಾಹುಲ್‌ಗೆ ಫೋನು ಮಾಡಿ, ಆರು ಸಾವಿರದ್ದು ಕೂರಿಸು ಎಂದರು.

ಫೋನು ಇಡುವ ಮೊದಲು ಒಂದು ಪ್ರಶ್ನೆ ಕೇಳಿದರು. ಖಾದರಿನಲ್ಲಿ ಆಳುದ್ದದ ಹುಲ್ಲು ಬಿಟ್ಟರೆ ಮರವೇ ಇಲ್ಲ, ಹಗ್ಗವನ್ನು ಯಾವುದಕ್ಕೆ ಕಟ್ಟುವುದು? ರಾಹುಲ್, ಇಷ್ಟು ವರ್ಷದಲ್ಲಿ ಕೊಳ್ಳುವವರು ಯಾರೂ ಇದನ್ನು ಮೊದಲೇ ಕೇಳಿಲ್ಲ ಅಂಕಲ್‌ಜೀ ಎಂದ. ಎರಡು ಉಪಾಯ ಹೇಳಿದ. ಒಂದು, ಸ್ಟೆಪ್ನಿಗೆ ಪಟ್ಟಿ ಕಟ್ಟಿ ಆಳದ ಗುಂಡಿಯಲ್ಲಿ ಹೂತು ಅದನ್ನೇ ಗೂಟ ಮಾಡಿಕೊಳ್ಳುವುದು. ಕಷ್ಟದ ಕೆಲಸ, ಆದರೆ ಮಗಳು ಕಲಿಯಬಹುದು. ಇನ್ನೊಂದು, ಗಟ್ಟಿ ನೆಲದ ಮೇಲೆ ನಿಂತ ಬೇರೊಂದು ಗಾಡಿ. ಆ ಗಾಡಿ ಎಷ್ಟು ಭಾರವಿದ್ದರೆ ಅಷ್ಟು ಒಳ್ಳೆಯದು.

ಸುಪ್ರೀತಾ ಒಂದು ವಾರ ಕಾಲೇಜಿನ ತೋಟದ ಹಿಂದೆ ಸ್ಟೆಪ್ನಿ ಹೂಳುವುದನ್ನು ಕಲಿತಳು. ಅಂಗೈಯಲ್ಲಿ ಬೊಬ್ಬೆಯೆದ್ದಿತು. ಜಲಜಾಕ್ಷಿ ಅರಿಶಿನ ಹಚ್ಚಿದರು. ವಿಂಚ್ ಎಳೆಯುವುದನ್ನು ಮೊದಲು ನನಗೆ ತೋರಿಸಿ, ಆಮೇಲೆ ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ ಎಂದು ಪ್ರೊಫೆಸರು ಹೇಳಿದ್ದರು. ನವೆಂಬರಿನ ಕೊನೆಯ ಗುರುವಾರ ಬೆಳಿಗ್ಗೆ ಅವಳು ಅಪ್ಪನ ಹತ್ತಿರ ಬಂದು, ಹೋಟೆಲಿನ ವ್ಯಾನು ತಗೊಂಡು ಪುಷ್ತಾದ ಮೇಲೆ ನಿಲ್ಲುತ್ತೀರಾ ಎಂದು ಕೇಳಿದಳು. ಪುಷ್ತಾ ಎಂದರೆ ಹೊಳೆಗೆ ಕಟ್ಟಿದ ಒಡ್ಡು. ಖಾದರ್ ಶುರುವಾಗುವುದು ಅದರ ಬುಡದಿಂದ.

ಹೊಳ್ಳರು ವ್ಯಾನಿನಲ್ಲಿ ಹದಿನಾರು ಮೂಟೆ ಅಕ್ಕಿ ತುಂಬಿಸಿದರು. ಈ ಭಾರಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಪುಷ್ತಾದ ಮೇಲೆ ವ್ಯಾನು ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಬ್ರೇಕು ತುಳಿದುಕೊಂಡು ಸ್ಟಿಯರಿಂಗಿನ ಮುಂದೆ ಕೂತರು. ಹೊಗೆಯ ಬಣ್ಣದ ಬಿಸಿಲು. ಕೆಳಗೆ ಪ್ರೊಫೆಸರೂ ಇಬ್ಬರು ವಿದ್ಯಾರ್ಥಿಗಳೂ ನಿಂತಿದ್ದರು. ಸುಪ್ರೀತಾ ಬೇಕೆಂದೇ ಜಿಪ್ಸಿಯನ್ನು ಒಡ್ಡಿನ ಬುಡದ ಕೆಸರಿಗೆ ಇಳಿಸಿ ಚಕ್ರ ತಿರುಗಿಸಿ ಹೂತುಕೊಂಡಳು. ಇಳಿದು ಬಂದು ಹಗ್ಗ ಎಳೆದು ವ್ಯಾನಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿದಳು. ವ್ಯಾನಿನ ಪಕ್ಕದ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದಳೋ ಇಲ್ಲವೋ, ವಾಪಸು ಹೋಗಿ ಗುಂಡಿ ಒತ್ತಿದಳು.

ಹಗ್ಗ ಬಿಗಿಯಾಯಿತು. ಹೊಳ್ಳರು ಕೂತ ಸೀಟಿನ ಅಡಿಯಿಂದ, ಬೆನ್ನಿನ ಮೂಲಕ, ಆ ಎಳೆತ ಅವರಿಗೆ ತಿಳಿಯಿತು. ಸಾವಿರದ ಚಿಲ್ಲರೆ ಕಿಲೋ ಕಬ್ಬಿಣ, ಕೆಸರು, ಅದರೊಳಗೆ ಮಗಳು. ಅಷ್ಟೂ ಭಾರ ತಮ್ಮನ್ನು ಹಿಡಿದುಕೊಂಡು ಮೇಲೆ ಬರುತ್ತಿತ್ತು. ವ್ಯಾನು ಒಂದು ಬೆರಳಿನಷ್ಟೂ ಹಿಂದೆ ಸರಿಯಲಿಲ್ಲ. ಅವಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಎತ್ತಿಕೊಂಡ ನಂತರ ಅವಳ ತೂಕವನ್ನು ಇಷ್ಟು ಸ್ಪಷ್ಟವಾಗಿ ತಾವು ಅರಿತಿರಲಿಲ್ಲ ಎನಿಸಿ ಹೊಳ್ಳರ ಕಣ್ಣು ತುಂಬಿತು. ಬ್ರೇಕಿನಿಂದ ಕಾಲಾಗಲಿ ಸ್ಟಿಯರಿಂಗಿನಿಂದ ಕೈಯಾಗಲಿ ತೆಗೆಯುವಂತಿರಲಿಲ್ಲವಾದ್ದರಿಂದ ಕಣ್ಣೊರೆಸಿಕೊಳ್ಳಲೂ ಅವಸರ ಮಾಡಲಿಲ್ಲ.

ಜಿಪ್ಸಿ ಗಟ್ಟಿ ನೆಲಕ್ಕೆ ಹತ್ತಿತು. ಪ್ರೊಫೆಸರು ತಲೆಯಾಡಿಸಿ ಒಪ್ಪಿಗೆ ಕೊಟ್ಟರು. ವಿದ್ಯಾರ್ಥಿಗಳು ಪುಸ್ತಕ, ಟೇಪು, ಎರಡು ಬಾಟಲಿ ನೀರು ಹಿಡಿದು ಹತ್ತಿ ಕೂತರು. ಸುಪ್ರೀತಾ ಕೊಕ್ಕೆ ಬಿಡಿಸಿ ಹಗ್ಗವನ್ನು ಉರುಳೆಗೆ ಸುತ್ತಿಸಿಕೊಂಡು, ವ್ಯಾನಿನ ಕಿಟಕಿಯ ಹತ್ತಿರ ಬಂದಳು.

“ಈ ಹಗ್ಗ ಇಪ್ಪತ್ತು ಮೀಟರ್ ಅಷ್ಟೇ ಅಪ್ಪಯ್ಯ. ನನ್ನ ಮೊದಲನೇ ಜಾಗ ಇಲ್ಲಿಂದ ಎರಡು ಕಿಲೋಮೀಟರ್,” ಎಂದಳು. ಅವರಿಗೆ ಗೊತ್ತಿರಲಿ ಎಂದು ಹೇಳಿದ ಮಾತು, ಮೋಸ ಮಾಡಬಾರದೆಂದು.

ನಾಲ್ಕು ತಿಂಗಳಿಂದ ಹೊಳ್ಳರ ಬಾಯಲ್ಲಿ ಹೋಗಬೇಡ ಎಂಬ ಮಾತು ಸಿದ್ಧವಾಗಿಯೇ ಇತ್ತು. ಈಗಲೂ ಇತ್ತು. ಅವರು ಅದನ್ನು ನುಂಗಿದರು, ಸುಲಭವಾಗಿ ಇಳಿಯಲಿಲ್ಲ.

“ಹೋಗ್ ಬಾ,” ಎಂದರು.

ಜಿಪ್ಸಿ ಆಳುದ್ದದ ಹುಲ್ಲಿನ ನಡುವೆ ಇಳಿಯಿತು. ಮೊದಲು ಚಕ್ರ ಕಾಣದಾಯಿತು, ಆಮೇಲೆ ಬಾಗಿಲು, ಆಮೇಲೆ ತಾಡಪಾಲಿನ ಮಾಡು. ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಕೇಳುತ್ತಿತ್ತು, ಅದೂ ನಿಂತಿತು. ಪ್ರೊಫೆಸರು ಬಂದು, ಅವರು ಬರುವುದು ಸಂಜೆಯಾಗುತ್ತದೆ, ನೀವು ಹೊರಡಬಹುದು ಎಂದರು. ಹೊಳ್ಳರು ಇಳಿದು ಚಕ್ರಕ್ಕೆ ಕೊಟ್ಟಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ವ್ಯಾನಿಗೆ ಹಾಕಿದರು. ಮಧ್ಯಾಹ್ನದ ಊಟಕ್ಕೆ ಅಕ್ಕಿ ಹೋಟೆಲಿಗೆ ಮುಟ್ಟಬೇಕಿತ್ತು. ಅವರು ವ್ಯಾನು ತಿರುಗಿಸಿದರು.